ಹದ ತಪ್ಪಿದ ಹೊಲದಲ್ಲಿ ಇಂಧನದ ಹುಲ್ಲು

ಕಳೆದ ಶ್ರಾವಣದಲ್ಲಿ ಜಮಖಂಡಿ ತಾಲ್ಲೂಕಿನ ಒಂದು ಹೊಲದಲ್ಲಿ ನಿಂತಿದ್ದೆ. ಎರಡು ಎಕರೆ ಎರೆ ಭೂಮಿ. ನೇಪಿಯರ್ ಹುಲ್ಲಿನ ತುಂಡುಗಳನ್ನು ನಾಟಿ ಮಾಡಿ ಐದು ವಾರವಾಗಿತ್ತು. ಬದುವಿನ ಮೇಲಿಂದ ನೋಡಿದರೆ ಎಲ್ಲವೂ ಹಸಿರು. ಒಳಗೆ ಇಳಿದರೆ ಅಲ್ಲಲ್ಲಿ ಬೋಳು. ಹೊಲದ ಒಡೆಯರನ್ನು ನಾನು ಕಾಕಾ ಎಂದೇ ಕರೆಯುವುದು. ಅವರು ಬಗ್ಗಿ, ಚಿಗುರದ ಒಂದು ತುಂಡನ್ನು ಕಿತ್ತು ನನ್ನ ಕೈಗಿಟ್ಟರು. ಮೇಲಿನ ಗಣ್ಣು ಒಣಗಿ ಕಡ್ಡಿಯಾಗಿತ್ತು. ಕೆಳಗಿನ ಗಣ್ಣಿನ ಕಣ್ಣು ಅಕ್ಕಿಕಾಳಿನಷ್ಟು ಉಬ್ಬಿ, ಅಷ್ಟಕ್ಕೇ ಕಪ್ಪಾಗಿ ಸತ್ತಿತ್ತು. ತುಂಡು ಇದ್ದ ಜಾಗದಲ್ಲಿ ಮುಷ್ಟಿ ಗಾತ್ರದ ಎರಡು ಹೆಂಟೆಗಳು, ಅವುಗಳ ನಡುವೆ ಬೆರಳು ತೂರುವಷ್ಟು ಪೊಳ್ಳು. ಎರಡು ಗೇಣಿನಾಚೆ ಅದೇ ಕಟ್ಟಿನಿಂದ ಬಿಚ್ಚಿದ ಇನ್ನೊಂದು ತುಂಡು ಮೊಣಕಾಲೆತ್ತರಕ್ಕೆ ಬೆಳೆದು ಮರಿ ಒಡೆದಿತ್ತು. ಅಲ್ಲಿ ಮಣ್ಣು ತುಂಡನ್ನು ಬಿಗಿಯಾಗಿ ಅಪ್ಪಿಕೊಂಡಿತ್ತು, ಅಷ್ಟೇ ವ್ಯತ್ಯಾಸ.

ತುಂಡು ಸರಬರಾಜು ಮಾಡಿದ ಕಂಪನಿಯ ಏಜೆಂಟ್ ಬಂದು ನೋಡಿ, ನೀರು ಸಾಲದಾಗಿದೆ ಎಂದು ಹೇಳಿ ಹೋಗಿದ್ದನಂತೆ. ಕಾಕಾ ಅದನ್ನು ಒಪ್ಪಲಿಲ್ಲ. "ನೀರಿನ ತಪ್ಪೂ ಅಲ್ಲ, ಬೀಜದ ತಪ್ಪೂ ಅಲ್ಲ ತಮ್ಮಾ. ಲಾರಿ ಬರುವ ದಿನ ಅವರು ಹೇಳಿದರು, ಆ ದಿನಕ್ಕೆ ನಾನು ಹೊಲ ಮಾಡಿದೆ. ಹೊಲ ನನಗೆ ಇನ್ನೂ ದಿನ ಕೊಟ್ಟಿರಲಿಲ್ಲ."

ಬಾಗಲಕೋಟೆ, ವಿಜಯಪುರ, ಬೆಳಗಾವಿ ಎಂಬ ನಮ್ಮ ಮೂರು ಜಿಲ್ಲೆಗಳಲ್ಲಿ ಈಗ ಶುರುವಾಗಿರುವ ಇಂಧನದ ಹುಲ್ಲಿನ, ಅಂದರೆ ಅನಿಲ ಮಾಡಲು, ಉರಿಸಲು ಬೆಳೆಯುವ ಹುಲ್ಲಿನ ಮಾತುಕತೆಯಲ್ಲಿ ಎಲ್ಲರೂ ಬಿಟ್ಟುಬಿಡುವ ವಿಷಯ ಕಾಕಾ ಹೇಳಿದ ಈ ಮಾತಿನಲ್ಲಿದೆ.

ಹುಲ್ಲು ದನಕ್ಕಲ್ಲದೆ ಬೇರೆ ಯಾರಿಗೆ ಬೇಕು ಎಂದು ಕೇಳುವವರಿಗೆ ಸ್ವಲ್ಪ ಹಿನ್ನೆಲೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಮುಂದಿನ ಪೀಳಿಗೆಯ ಇಂಧನಗಳ ಕಚ್ಚಾವಸ್ತುಗಳಲ್ಲಿ ಹುಲ್ಲನ್ನೂ ಸೇರಿಸಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಜೈವಿಕ ಅನಿಲವನ್ನು ಶುದ್ಧೀಕರಿಸಿ, ಒತ್ತಡದಲ್ಲಿ ತುಂಬಿ ಮಾರುವ ಘಟಕಗಳಿಗಾಗಿ 'ಸತತ್' ಯೋಜನೆ ಬಂತು. ಆಮೇಲೆ ವಾಹನಗಳ ಸಿಎನ್‌ಜಿ ಮತ್ತು ಮನೆಗಳ ಕೊಳವೆ ಅನಿಲದಲ್ಲಿ ಈ ಜೈವಿಕ ಅನಿಲವನ್ನು ಬೆರೆಸಲೇಬೇಕು ಎಂಬ ನಿಯಮ ಪ್ರಕಟವಾಯಿತು: 2025-26ರಲ್ಲಿ ಶೇ 1, ಮರುವರ್ಷ ಶೇ 3, ನಂತರ ಶೇ 4, 2028-29ರಿಂದ ಶೇ 5. ಇನ್ನೊಂದು ಕಡೆ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಒಣ ಕೃಷಿ ತ್ಯಾಜ್ಯ ಒತ್ತಿ ಮಾಡಿದ ಜೈವಿಕ ಉಂಡೆಗಳನ್ನು ಬೆರೆಸಿ ಉರಿಸಬೇಕೆಂಬ ನಿಯಮವಿದೆ. 2,400 ಮೆಗಾವ್ಯಾಟ್ ಸಾಮರ್ಥ್ಯದ ಕೂಡಗಿ ಸ್ಥಾವರ ಇರುವುದು ವಿಜಯಪುರ ಜಿಲ್ಲೆಯಲ್ಲೇ. ಸಕ್ಕರೆ ಕಾರ್ಖಾನೆಗಳ ಬಾಯ್ಲರ್‌ಗಳಂತೂ ಕಬ್ಬು ನುರಿಸುವ ಹಂಗಾಮು ಮುಗಿದೊಡನೆ ಸಿಪ್ಪೆಗಾಗಿ ಹಸಿದು ಕೂರುತ್ತವೆ. ಇಷ್ಟೆಲ್ಲ ಬಾಯಿಗಳು ಒಂದೇ ಕಡೆ ಇರುವಾಗ ಏಜೆಂಟರು ಬರದೆ ಇರುತ್ತಾರೆಯೇ?

ಅವರ ಕೈಯಲ್ಲಿರುವ ಹಾಳೆಯಲ್ಲಿ ಒಂದೇ ಲೆಕ್ಕ: ಎಕರೆಗೆ ಎಷ್ಟು ಟನ್. ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒ-4 ತಳಿ ನೀರಾವರಿಯಲ್ಲಿ ವರ್ಷಕ್ಕೆ ಹೆಕ್ಟೇರಿಗೆ 380ರಿಂದ 400 ಟನ್ ಹಸಿ ಹುಲ್ಲು ಕೊಡುತ್ತದೆ ಎಂಬುದು ಆ ವಿಶ್ವವಿದ್ಯಾಲಯವೇ ಹೇಳುವ ಮಾತು. ಅಂದರೆ ಎಕರೆಗೆ ನೂರೈವತ್ತು ಟನ್ನಿನ ಮೇಲೆ. ಕಬ್ಬಿನಲ್ಲಿ ಎಕರೆಗೆ ನಲವತ್ತು ಟನ್ ಕಂಡರೆ ಸಮಾಧಾನಪಡುವ ರೈತನಿಗೆ ಈ ಅಂಕಿ ತಲೆ ತಿರುಗಿಸುತ್ತದೆ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರು ಎಂಬುದನ್ನು ಹಾಳೆ ಹೇಳುವುದಿಲ್ಲ. ಆ ಇಳುವರಿ ಸಾಲಿನಲ್ಲಿ ಒಂದೂ ಖಾಲಿ ಬಿಡದೆ ಎದ್ದ ಹೊಲದ್ದು ಎಂಬುದನ್ನಂತೂ ಹೇಳುವುದೇ ಇಲ್ಲ.

ಜೋಳದಲ್ಲಿ ಹೊಲ ಕೆಟ್ಟರೆ ಒಂದು ವರ್ಷ ಕೆಟ್ಟಿತು. ಮುಂದಿನ ಹಂಗಾಮಿಗೆ ಮತ್ತೆ ರಂಟೆ ಹೊಡೆದು, ಮತ್ತೆ ಹರಗಿ, ತಪ್ಪು ತಿದ್ದಿಕೊಳ್ಳಬಹುದು. ಬಹುವಾರ್ಷಿಕ ಹುಲ್ಲಿಗೆ ಆ ಅವಕಾಶವಿಲ್ಲ. ನೇಪಿಯರ್ ಒಮ್ಮೆ ಬೇರೂರಿದರೆ ನಾಲ್ಕೈದು ವರ್ಷ ನಿಲ್ಲುತ್ತದೆ. ಯೂರೋಪು, ಅಮೆರಿಕಗಳಲ್ಲಿ ಇಂಧನಕ್ಕಾಗಿಯೇ ಬೆಳೆಯುವ ಮಿಸ್ಕ್ಯಾಂಥಸ್ ಹುಲ್ಲು ಹದಿನೈದು ಇಪ್ಪತ್ತು ವರ್ಷ ನಿಲ್ಲುತ್ತದೆ. ಅದು ಬೀಜ ಕಟ್ಟದ ಮಿಶ್ರತಳಿ. ಶುಂಠಿಯಂತಹ ನೆಲಗಡ್ಡೆಯ ಚೂರುಗಳನ್ನೇ ಊರಬೇಕು, ಪೂರ್ಣ ಇಳುವರಿಗೆ ಬರಲು ಎರಡು ಮೂರು ವರ್ಷ ಕಾಯಬೇಕು. ಇಷ್ಟು ವರ್ಷ ಆ ನೆಲದೊಳಕ್ಕೆ ನೇಗಿಲು ಇಳಿಯುವುದಿಲ್ಲ. ಭೂಮಿಯ ಸಾವಯವ ಇಂಗಾಲ ಹೆಚ್ಚುವುದು, ಕೊಚ್ಚಣೆ ತಗ್ಗುವುದು, ಡೀಸೆಲ್ ಉಳಿಯುವುದು ಎಲ್ಲವೂ ಈ ಕಾರಣದಿಂದಲೇ. ಆದರೆ ಮೊದಲ ಎರಡು ತಿಂಗಳಲ್ಲಿ ಮಾಡಿದ ಎಡವಟ್ಟು ಅಷ್ಟೂ ವರ್ಷ ಹೊಲದಲ್ಲೇ ಉಳಿಯುವುದೂ ಇದೇ ಕಾರಣದಿಂದ.

ಕಾಕಾ ಮಾಡಿದ ತಪ್ಪು ಏನು? ಕುಳೆ ಕಬ್ಬನ್ನು ಕಿತ್ತು ಹಾಕಿದ ಹೊಲ ಅದು. ದೊಡ್ಡ ಮಳೆಯಾದ ಮೂರನೆಯ ದಿನ ಟ್ರ್ಯಾಕ್ಟರ್ ಇಳಿಸಿದರು. ಏಕೆಂದರೆ ಆ ವಾರದ ಕೊನೆಗೆ ತುಂಡಿನ ಲಾರಿ ಬರುವುದಿತ್ತು. ಎರೆ ಮಣ್ಣಿನಲ್ಲಿ ಅರ್ಧಕ್ಕಿಂತ ಹೆಚ್ಚು ಜೇಡಿಯೇ ಇರುತ್ತದೆ. ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗಿ ಕಾಲು ಸಿಕ್ಕುವಷ್ಟು ಬಿರಿಯುವ ಜೇಡಿ. ಹಸಿಯಾಗಿದ್ದಾಗ ಅದನ್ನು ಉತ್ತರೆ ಮಣ್ಣು ಒಡೆಯುವುದಿಲ್ಲ, ಕೊಯ್ದ ಬೆಲ್ಲದಂತೆ ಹೊಳೆಯುವ ಪಟ್ಟಿಗಳಾಗಿ ಮಗುಚಿಕೊಳ್ಳುತ್ತದೆ. ಆ ಪಟ್ಟಿಗಳಿಗೆ ನಾಲ್ಕು ದಿನ ಬಿಸಿಲು ಬಿದ್ದರೆ ಇಟ್ಟಿಗೆ. ಮೇಲೆ ರೋಟಾವೇಟರ್ ಹೊಡೆಸಿದರು. ಅದು ಮೇಲಿನ ನಾಲ್ಕು ಬೆರಳು ಮಣ್ಣನ್ನು ಹಿಟ್ಟು ಮಾಡಿತು, ಒಳಗಿನ ಹೆಂಟೆಗಳನ್ನು ಮುಚ್ಚಿಟ್ಟಿತು. ಬದುವಿನಲ್ಲಿ ನಿಂತವರ ಕಣ್ಣಿಗೆ ಅದು ಹಾಸಿದ ಕಂಬಳಿ. ತುಂಡು ಹೋಗಿ ಕೂತಿದ್ದು ಹೆಂಟೆಗಳ ನಡುವಿನ ಗಾಳಿಯಲ್ಲಿ.

ರೋಟಾವೇಟರ್ ಬಗ್ಗೆ ನನಗೆ ಸ್ವಲ್ಪ ತಕರಾರಿದೆ, ಒಪ್ಪಿಕೊಳ್ಳುತ್ತೇನೆ. ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಸಿಗುತ್ತದೆ, ಒಂದೇ ಸುತ್ತಿಗೆ ಹೊಲ ಚೆಂದ ಕಾಣುತ್ತದೆ. ಹೊಲ ಚೆಂದ ಕಾಣುವುದಕ್ಕೂ ಹದವಾಗಿರುವುದಕ್ಕೂ ಸಂಬಂಧವಿಲ್ಲ. ಹಸಿ ಎರೆಯಲ್ಲಿ ಅದರ ಅಲಗುಗಳು ಪ್ರತಿ ಸಲವೂ ಒಂದೇ ಆಳದಲ್ಲಿ ಮಣ್ಣನ್ನು ಸವರಿ ಸವರಿ ಒಂದು ಗಟ್ಟಿ ಪದರ ಮಾಡುತ್ತವೆ. ಕಬ್ಬು ಹೇರುವ ಟ್ರ್ಯಾಕ್ಟರ್ ಟ್ರೇಲರ್‌ಗಳು ಅದರ ಕೆಳಗೆ ಆಗಲೇ ಇನ್ನೊಂದು ಪದರ ಮಾಡಿರುತ್ತವೆ. ಆಳಕ್ಕೆ ಬೇರು ಬಿಟ್ಟು ಬೇಸಿಗೆಯಲ್ಲಿ ಒಳಗಿನ ಹಸಿ ಹೀರಿಕೊಳ್ಳಬೇಕಾದ ಹುಲ್ಲಿಗೆ ಇದಕ್ಕಿಂತ ದೊಡ್ಡ ಗೋಡೆ ಬೇಕಿಲ್ಲ. ಈ ಪದರವನ್ನು ಸಬ್‌ಸಾಯಿಲರ್‌ನಿಂದ ಸೀಳಬಹುದು. ಆದರೆ ಮಣ್ಣು ಒಣಗಿ ಗಟ್ಟಿಯಾಗಿರುವ ಬೇಸಿಗೆಯಲ್ಲೇ ಸೀಳಬೇಕು, ಆಗ ಮಾತ್ರ ಅದು ಅಕ್ಕಪಕ್ಕಕ್ಕೆ ಚಟಪಟನೆ ಬಿರುಕು ಬಿಡುತ್ತದೆ. ಹಸಿಯಲ್ಲಿ ಎಳೆದರೆ ಬೆಣ್ಣೆಯಲ್ಲಿ ಚಾಕು ಆಡಿಸಿದ ಹಾಗೆ: ಒಂದು ಗೀರು ಉಳಿಯುತ್ತದೆ, ಅದೂ ಮುಂದಿನ ಮಳೆಗೆ ಮುಚ್ಚಿಹೋಗುತ್ತದೆ.

ಹದ ನೋಡಿ ಹರಗು, ಬೆದೆ ನೋಡಿ ಬಿತ್ತು ಎಂಬ ಗಾದೆಯನ್ನು ನಾವೆಲ್ಲ ಕೇಳಿಯೇ ಬೆಳೆದವರು. ಹದವನ್ನು ನೋಡುವ ಬಗೆ ಬಹಳ ಸರಳ. ಒಂದು ಗೇಣು ಆಳದಿಂದ ಮುಷ್ಟಿ ಮಣ್ಣು ತೆಗೆದು, ಅಂಗೈಯಲ್ಲಿ ಶಾವಿಗೆಯಂತೆ ಹೊಸೆಯಬೇಕು. ಎಳೆ ಉದ್ದಕ್ಕೆ ಬಂದರೆ ಟ್ರ್ಯಾಕ್ಟರ್ ಮನೆಯಲ್ಲೇ ಇರಲಿ. ಹೊಸೆಯುವಾಗಲೇ ಪುಡಿಪುಡಿಯಾಗಿ ಉದುರಿದರೆ ಹೊಲ ತಯಾರಾಗಿದೆ. ಕೆಂಪು ಮಣ್ಣಿನ ಮಸಾರಿಯಲ್ಲಿ ಈ ಹದ ಹಲವು ದಿನ ಇರುತ್ತದೆ. ಎರೆಯಲ್ಲಿ ಬಂದದ್ದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹೋಗುತ್ತದೆ: ಮೊನ್ನೆ ಕೆಸರು, ನಾಳೆ ಕಲ್ಲು, ಇವತ್ತೊಂದೇ ದಿನ ಮಣ್ಣು. ಆ ಒಂದು ದಿನ ಲಾರಿಯ ವೇಳಾಪಟ್ಟಿಗೆ ಹೊಂದಿಕೆಯಾಗಬೇಕೆಂದು ಯಾವ ಕರಾರುಪತ್ರದಲ್ಲೂ ಬರೆದಿರುವುದಿಲ್ಲ.

ಅಮೆರಿಕದ ಅನುಭವ ಇಲ್ಲಿ ಕುತೂಹಲದ್ದು. ಅಲ್ಲಿನ ಬಯಲುಸೀಮೆಯ ಸ್ವಿಚ್‌ಗ್ರಾಸ್ ಎಂಬ ಹುಲ್ಲಿನ ಹೆಸರು 2006ರಲ್ಲಿ ಅಧ್ಯಕ್ಷ ಬುಷ್ ಅವರ ವಾರ್ಷಿಕ ಭಾಷಣದಲ್ಲೂ ಬಂತು. ಅದರ ಬೀಜ ರಾಗಿಗಿಂತಲೂ ಹಗುರ. ಒಂದು ಸೆಂಟಿಮೀಟರಿನ ಆಸುಪಾಸಿನಲ್ಲಿ ಬಿತ್ತಬೇಕು. ಎರಡು ಮೂರು ಸೆಂಟಿಮೀಟರ್ ಕೆಳಗೆ ಹೋದರೆ ಮೊಳಕೆ ಮೇಲೆ ಬರುವಷ್ಟರಲ್ಲಿ ಬೀಜದ ಬುತ್ತಿ ಮುಗಿದಿರುತ್ತದೆ. ಅಲ್ಲಿನ ರೈತರು ಕಂಡುಕೊಂಡದ್ದು ಹೊಲ ಮೆತ್ತಗಿದ್ದಷ್ಟೂ ಹುಲ್ಲು ಏಳುವುದಿಲ್ಲ ಎಂಬುದು. ಸಡಿಲ ಮಣ್ಣಿನಲ್ಲಿ ಬೀಜ ಆಳಕ್ಕೆ ಜಾರುತ್ತದೆ, ಮೇಲ್ಮಣ್ಣು ಬೇಗ ಒಣಗುತ್ತದೆ. ಅದಕ್ಕೇ ಹೊಲದಲ್ಲಿ ನಡೆದಾಗ ಬೂಟಿನ ಗುರುತು ಕಾಣಬೇಕು, ಆದರೆ ಕಾಲು ಹೂಳಬಾರದು ಎಂಬುದು ಅಲ್ಲಿನ ಅಳತೆ. ಬಹಳ ಮಂದಿ ಸೋಯಾಬೀನ್ ಕೊಯ್ದ ಹೊಲಕ್ಕೆ ನೇಗಿಲೇ ತಾಗಿಸದೆ, ಕೂಳೆಯ ನಡುವೆ ಯಂತ್ರದ ಕೂರಿಗೆಯಿಂದ ಬಿತ್ತುತ್ತಾರೆ. ಉತ್ತಿದ್ದರೆ ಬಿತ್ತುವ ಮುಂಚೆ, ಬಿತ್ತಿದ ಮೇಲೆ ಉರುಳುಗುಂಡು ಎಳೆಯುತ್ತಾರೆ.

ನಮಗೆ ಇದು ಹೊಸದೇನಲ್ಲ. ಕಬ್ಬು ಕೂಡ ಬಹುವಾರ್ಷಿಕ ಹುಲ್ಲೇ ತಾನೇ? ನೇಪಿಯರ್ ಅದರ ದಾಯಾದಿ. ಕೃಷ್ಣೆ, ಘಟಪ್ರಭೆಯ ದಂಡೆಗಳಲ್ಲಿ ಸಾಲಿಗೆ ನೀರು ಬಿಟ್ಟು, ಕಬ್ಬಿನ ತುಂಡನ್ನು ಕೆಸರಿನಲ್ಲಿಟ್ಟು ಕಾಲಿನಿಂದ ತುಳಿಯುತ್ತಾ ಹೋಗುವ ಹೆಣ್ಣುಮಕ್ಕಳಿಗೆ ಈ ಶಾಸ್ತ್ರ ಬಾಯಿಪಾಠ ಮಾಡದೆಯೇ ಗೊತ್ತಿದೆ. ತುಂಡಿನ ಕಣ್ಣಿಗೆ ಮಣ್ಣು ತಾಗಬೇಕು, ಮಣ್ಣಿನಿಂದ ಹಸಿ ಹರಿಯಬೇಕು. ಕಾಕಾನ ಹೊಲದಲ್ಲಿ ನಾಟಿ ಗುತ್ತಿಗೆಯಲ್ಲಿ ನಡೆದಿತ್ತು. ಎಕರೆಗೆ ಇಷ್ಟು ಎಂದು ಮಾತಾದಾಗ ತುಳಿಯುವ ಕಾಲಿಗೂ ಅವಸರ. ಎರಡು ಗಣ್ಣಿನ ತುಂಡಾದರೆ ಒಂದು ಗಣ್ಣು ಪೂರ್ತಿ ಮಣ್ಣೊಳಗೆ ಹೋಗಿ, ಸುತ್ತಲಿನ ಮಣ್ಣು ಬಿಗಿಯಾಗಬೇಕು. ಇಷ್ಟು ಚಿಕ್ಕ ಕೆಲಸ.

ಇನ್ನು ಕಳೆ. ಮೊದಲ ಆರೆಂಟು ವಾರ ಈ ದೈತ್ಯ ಹುಲ್ಲುಗಳು ಪಾಪದ ಕೂಸುಗಳು. ಮೇಲೆ ಬೆಳೆಯುವುದಕ್ಕಿಂತ ಕೆಳಗೆ ಬೇರು ಬಿಡುವುದರಲ್ಲೇ ಅವುಗಳ ಶಕ್ತಿ ಹೋಗುತ್ತದೆ. ಆಗ ಕರಕಿ ಮತ್ತು ಜೇಕು ಬಂದು ಕೂತರೆ ಮುಗಿಯಿತು. ಒಂದು ಹುಲ್ಲಿನೊಳಗೆ ಬೆಳೆದ ಇನ್ನೊಂದು ಹುಲ್ಲನ್ನು ಔಷಧಿ ಹೊಡೆದು ಕೊಲ್ಲುವುದು ಸುಲಭವಲ್ಲ. ಕರಕಿಯ ಹೊಲಕ್ಕೆ ರೋಟಾವೇಟರ್ ಹಾಕುವುದೆಂದರೆ ಕರಕಿಯನ್ನೇ ನಾಟಿ ಮಾಡಿದಂತೆ, ಒಂದೊಂದು ಚೂರೂ ಒಂದೊಂದು ಸಸಿ. ಅದಕ್ಕೆ ಇರುವ ಮದ್ದು ಹಳೆಯದು: ಬೇಸಿಗೆಗೆ ಮುಂಚೆ ಪಲ್ಟಿ ನೇಗಿಲಿನಿಂದ ಆಳಕ್ಕೆ ಮಗುಚಿ, ಬೇರುಗಳನ್ನು ಚೈತ್ರ ವೈಶಾಖದ ಬಿಸಿಲಿಗೆ ಹುರಿಯಲು ಬಿಡುವುದು. ಒಣಗಿದಾಗ ಎದ್ದ ಹೆಂಟೆಗಳ ಚಿಂತೆ ಬೇಡ. ಒಣ ಎರೆಯ ಹೆಂಟೆ ಮೊದಲ ಮಳೆಗೆ ಸುಣ್ಣದ ಕಲ್ಲಿನಂತೆ ತಾನೇ ಅರಳಿ ಉದುರುತ್ತದೆ. ಹಸಿಯಲ್ಲಿ ಉತ್ತ ಹೆಂಟೆಗೂ ಒಣದರಲ್ಲಿ ಉತ್ತ ಹೆಂಟೆಗೂ ಇರುವ ಈ ವ್ಯತ್ಯಾಸ ಬಾಡಿಗೆಯ ಚಾಲಕನಿಗೆ ಬೇಕಿಲ್ಲ.

ವಿಜಯಪುರದ ಬಿಳಿಜೋಳದ ರೈತರು ತಲೆತಲಾಂತರದಿಂದ ಮಾಡುತ್ತಿರುವ ಇನ್ನೊಂದು ಕೆಲಸವಿದೆ. ಮುಂಗಾರಿನಲ್ಲಿ ಹೊಲ ಬರಿದು ಬಿಟ್ಟು, ಪ್ರತಿ ಮಳೆಗೆ ಎದ್ದ ಕಳೆಯನ್ನು ಕುಂಟೆಯಿಂದ ಹರಗಿ ಹರಗಿ, ಹಿಂಗಾರಿಗೆ ಬಿತ್ತುತ್ತಾರೆ. ಕಳೆಬೀಜವನ್ನು ಮೊಳೆಯಲು ಬಿಟ್ಟು ಮೊಳೆತದ್ದನ್ನು ಕೊಲ್ಲುವ ಈ ಉಪಾಯ ಇಂಧನದ ಹುಲ್ಲಿಗೂ ಒಪ್ಪುತ್ತದೆ. ಮೂರು ತಿಂಗಳು ಹರಗುವ ಅಗತ್ಯವಿಲ್ಲ, ಎರಡು ಮಳೆ ಎರಡು ಹರಗು ಸಾಕು. ಇಡೀ ಮುಂಗಾರು ಬರಿದು ಬಿಟ್ಟ ಇಳಿಜಾರಿನ ಎರೆ ಎಷ್ಟು ಮಣ್ಣು ಕಳೆದುಕೊಳ್ಳುತ್ತದೆ ಎಂಬುದನ್ನು ಡೋಣಿ ಹೊಳೆಯ ನೀರಿನ ಬಣ್ಣವೇ ಹೇಳುತ್ತದೆ. ಮಳೆನೀರು ನಿಲ್ಲಲು ಹೊಲವನ್ನು ಸಣ್ಣ ಬದುಗಳಿಂದ ಚೌಕಗಳಾಗಿ ಮಾಡುವ, ಈ ಭಾಗದಲ್ಲಿ ರೂಢಿಗೆ ಬಂದ ಚೌಕು ಮಡಿ ಇಲ್ಲಿ ಕೆಲಸಕ್ಕೆ ಬರುತ್ತದೆ. ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸು, ಅದರಲ್ಲೂ ಸೆಪ್ಟೆಂಬರ್ ಮಳೆಯೇ ದೊಡ್ಡದು. ಮೃಗಶಿರಾ ಮಳೆಯನ್ನು ನಂಬಿ ಒಣಭೂಮಿಯಲ್ಲಿ ತುಂಡು ಊರಿದವರು ಜುಲೈ, ಆಗಸ್ಟ್‌ನ ಬಿಡುವಿನಲ್ಲಿ ಆಕಾಶ ನೋಡುತ್ತಾ ಕೂರಬೇಕಾಗುತ್ತದೆ. ಮಡಿಯಲ್ಲಿ ಹಸಿ ಹಿಡಿದಿಟ್ಟು, ತುಂಡಿನ ಬದಲು ಬೇರುಸಹಿತ ಮರಿಗಳನ್ನು ಹಚ್ಚಿದರೆ ಬದುಕುವ ಸಾಧ್ಯತೆ ಹೆಚ್ಚು.

ಗೊಬ್ಬರದ ವಿಷಯದಲ್ಲಿ ಎರಡು ಮಾತು. ಎರೆಯಲ್ಲಿ ಸುಣ್ಣ ಜಾಸ್ತಿ, ರಂಜಕ ಹಾಕಿದಲ್ಲೇ ಕಟ್ಟಿಕೊಂಡು ಕೂರುತ್ತದೆ, ಮೇಲೆ ಎರಚಿದರೆ ಬೇರಿಗೆ ಇಳಿಯುವುದಿಲ್ಲ. ಅದನ್ನೂ ತಿಪ್ಪೆಗೊಬ್ಬರವನ್ನೂ ಸಾಲಿನೊಳಗೆ ಸೇರಿಸಲು ಸಿಗುವುದು ನಾಟಿಗೆ ಮುಂಚಿನ ಒಂದೇ ಅವಕಾಶ. ಯೂರಿಯಾ ಮಾತ್ರ ತಡೆದು ಕೊಡಬೇಕು. ಆರಂಭದಲ್ಲೇ ಸುರಿದರೆ ಅದನ್ನು ಉಣ್ಣುವುದು ಕಳೆ. ಸ್ವಿಚ್‌ಗ್ರಾಸ್ ಬೆಳೆಯುವವರು ಬಿತ್ತಿದ ವರ್ಷ ಸಾರಜನಕವನ್ನೇ ಕೊಡದಿರುವುದು ಇದಕ್ಕಾಗಿಯೇ. ಹೊಲ ಸಮತಟ್ಟು ಮಾಡುವುದೂ ಈಗಲೇ ಆಗಬೇಕು. ತಗ್ಗು ದಿಣ್ಣೆಯ ಹೊಲದಲ್ಲಿ ಕೊಯ್ಯುವ ಯಂತ್ರ ಹುಲ್ಲಿನ ಜೊತೆ ಮಣ್ಣನ್ನೂ ಕೆರೆದು ತರುತ್ತದೆ, ಆ ಮಣ್ಣು ಬಾಯ್ಲರ್‌ನಲ್ಲಿ ಬೂದಿಯಾಗಿ ಕೂರುತ್ತದೆ.

ನನಗೆ ನಿಜವಾಗಿ ಸಿಟ್ಟು ಬರುವುದು ಪಾಳುಭೂಮಿಯ ಮಾತಿಗೆ. ಆಹಾರ ಬೆಳೆಯ ನೆಲ ಮುಟ್ಟುವುದಿಲ್ಲ, ಪಾಳು ಬಿದ್ದ ಭೂಮಿಯಲ್ಲಿ ಹುಲ್ಲು ಬೆಳೆಯುತ್ತೇವೆ ಎಂಬುದು ಕೇಳಲು ಇಂಪಾಗಿದೆ. ನಮ್ಮಲ್ಲಿ ಪಾಳು ಎಂದರೆ ಎರಡು ಬಗೆ. ಒಂದು, ಕಾಲುವೆ ನೀರು ಅತಿಯಾಗಿ ಸವಳು ಜವಳಾದ, ಅಂದರೆ ಉಪ್ಪು ಮೇಲೆದ್ದು ನೀರು ನಿಂತ ಭೂಮಿ. ಅಥಣಿ, ರಾಯಬಾಗ, ಜಮಖಂಡಿ, ಮುಧೋಳ ಕಡೆಗಳಲ್ಲಿ ಬೇಸಿಗೆಯಲ್ಲಿ ಬಿಳಿ ಹೊದ್ದು ಮಲಗುವ ಹೊಲಗಳನ್ನು ನೋಡಿದವರಿಗೆ ಗೊತ್ತು. ನೇಪಿಯರ್ ನೀರು ಬೇಡುವ ಬೆಳೆ, ಆದರೆ ನೀರಿನಲ್ಲಿ ನಿಲ್ಲಲಾರದು. ಇಲ್ಲಿ ಮೊದಲು ಬಸಿಗಾಲುವೆ ಆಗಬೇಕು, ಉಪ್ಪು ತೊಳೆದು ಹೋಗಬೇಕು. ಮಣ್ಣಿನ ರಸಸಾರ 8.5 ದಾಟಿ ಕ್ಷಾರವಾಗಿದ್ದರೆ ಜಿಪ್ಸಂ ಬೇಕು; ಬರೀ ಸವಳಾಗಿದ್ದರೆ ಜಿಪ್ಸಂ ಸುರಿದು ಪ್ರಯೋಜನವಿಲ್ಲ. ಪರೀಕ್ಷೆ ಮಾಡಿಸದೆ ಎರಡಕ್ಕೂ ಒಂದೇ ಚೀಲ ಮಾರುವ ಅಂಗಡಿಗಳೇನು ಕಡಿಮೆಯಿಲ್ಲ. ಒಬ್ಬೊಬ್ಬ ರೈತ ಬಸಿಗಾಲುವೆ ತೋಡಿದರೂ ಆಗದು, ಮೇಲಿನ ಹೊಲದವನು ನೀರು ಹಾಯಿಸುತ್ತಲೇ ಇರುವವರೆಗೆ ಕೆಳಗಿನವನ ಹೊಲ ಒಣಗುವುದಿಲ್ಲ. ಇಂಥ ನೆಲಕ್ಕೆ ಉಪ್ಪು ತಾಳುವ ರೋಡ್ಸ್ ಹುಲ್ಲು, ನೀರು ತಾಳುವ ಪ್ಯಾರಾ ಹುಲ್ಲು ಒಗ್ಗುತ್ತವೆ, ಆದರೆ ಅವುಗಳ ಇಳುವರಿ ಏಜೆಂಟನ ಹಾಳೆಯಲ್ಲಿರುವ ಅಂಕಿಯ ಹತ್ತಿರಕ್ಕೂ ಬರುವುದಿಲ್ಲ.

ಇನ್ನೊಂದು ಬಗೆ ಬಾದಾಮಿ, ಹುನಗುಂದ ಕಡೆಯ ಮರಡಿ. ಗೇಣುದ್ದ ಮಣ್ಣು, ಅದರ ಕೆಳಗೆ ಬಂಡೆ. ಅಲ್ಲಿ ಇಡೀ ಹೊಲ ಉತ್ತರೆ ಇರುವ ಮಣ್ಣೂ ಮೊದಲ ಅಡ್ಡಮಳೆಗೆ ಹಳ್ಳ ಸೇರುತ್ತದೆ. ಇಳಿಜಾರಿಗೆ ಅಡ್ಡಲಾಗಿ ಸಾಲಿನಷ್ಟೇ ನೆಲ ಬಿಡಿಸಿ, ನಡುವಿನ ಹುಲ್ಲುಗಾವಲನ್ನು ಹಾಗೇ ಬಿಟ್ಟು, ಗಿನಿ ಹುಲ್ಲಿನಂತಹ ಗಟ್ಟಿ ಜಾತಿಯನ್ನು ಹಚ್ಚಬಹುದು. ಅದು ದನಕ್ಕೆ ಸಾಕಾದೀತು, ಅನಿಲ ಘಟಕಕ್ಕೆ ಲಾರಿ ತುಂಬುವುದಿಲ್ಲ. ಅಂದರೆ ಪಾಳುಭೂಮಿಯಲ್ಲಿ ತಯಾರಿಯ ಖರ್ಚು ಎಲ್ಲಕ್ಕಿಂತ ಹೆಚ್ಚು, ಉತ್ಪತ್ತಿ ಎಲ್ಲಕ್ಕಿಂತ ಕಡಿಮೆ. ಆದ್ದರಿಂದಲೇ ಕೊನೆಗೆ ಹುಲ್ಲು ಬಂದು ನಿಲ್ಲುವುದು ಕಾಕಾನ ಹೊಲದಂತಹ ಒಳ್ಳೆಯ ಎರೆಯಲ್ಲಿ, ಕಬ್ಬಿನ ಜಾಗದಲ್ಲಿ, ಕಬ್ಬಿನದೇ ನೀರಿನಲ್ಲಿ. ನೀತಿಯ ಹಾಳೆಯಲ್ಲಿ ಅದು ಪಾಳುಭೂಮಿಯ ಬೆಳೆಯಾಗಿಯೇ ಉಳಿದಿರುತ್ತದೆ.

ಲೆಕ್ಕವನ್ನಾದರೂ ಸರಿಯಾಗಿ ಹಾಕೋಣ. ಸಾಲಿನಿಂದ ಸಾಲಿಗೆ 60 ಸೆಂಟಿಮೀಟರ್, ತುಂಡಿನಿಂದ ತುಂಡಿಗೆ 50 ಇಟ್ಟರೆ ಹೆಕ್ಟೇರಿಗೆ 33,333 ತುಂಡು, ಎಕರೆಗೆ ಹದಿಮೂರೂವರೆ ಸಾವಿರ. ಹತ್ತರಲ್ಲಿ ಮೂರು ಏಳದಿದ್ದರೆ ಎಕರೆಯಲ್ಲಿ ನಾಲ್ಕು ಸಾವಿರ ಖಾಲಿ. ಮೊದಲ ಕಟಾವು ಎರಡೂವರೆ ತಿಂಗಳಿಗೆ, ಆಮೇಲೆ ಒಂದೂವರೆ ತಿಂಗಳಿಗೊಂದು. ಐದು ವರ್ಷಕ್ಕೆ ಮೂವತ್ತರ ಮೇಲೆ ಕಟಾವು. ಆ ಖಾಲಿ ಜಾಗ ಅಷ್ಟೂ ಕಟಾವಿನಲ್ಲಿ ಖಾಲಿಯೇ. ಪಕ್ಕದ ಬುಡ ಸ್ವಲ್ಪ ಹರಡಿ ಒಂದಿಷ್ಟು ತುಂಬಿಕೊಡುತ್ತದೆ ಎಂಬುದು ನಿಜ, ಆದರೆ ಅದಕ್ಕಿಂತ ಮುಂಚೆ ಕರಕಿ ತುಂಬಿರುತ್ತದೆ. ಮೂರು ನಾಲ್ಕು ವಾರದೊಳಗೆ ಹೊಸ ತುಂಡು ಊರಿದರೆ ಸರಿ, ತಡವಾದರೆ ಅಣ್ಣಂದಿರ ನೆರಳಿನಲ್ಲಿ ತಮ್ಮ ಮೇಲೇಳುವುದಿಲ್ಲ. ನಾನು ಹೋದಾಗ ಕಾಕಾನಿಗೆ ಐದನೆಯ ವಾರ.

ಅವರು ತೋರಿಸಿದ ಕರಾರುಪತ್ರವನ್ನು ಎರಡು ಸಲ ಓದಿದೆ. ಟನ್ನಿಗೆ ಎಷ್ಟು, ತೂಕ ಎಲ್ಲಿ, ಹಣ ಯಾವಾಗ, ತುಂಡಿನ ಬೆಲೆ ಯಾವ ಕಂತಿನಲ್ಲಿ ಮುರಿದುಕೊಳ್ಳುವುದು ಎಲ್ಲ ಇತ್ತು. ಹೊಲದ ತಯಾರಿ ರೈತನದು ಎಂದು ಒಂದು ಸಾಲು. ತುಂಡು ಯಾವಾಗ ಬೇಕು ಎಂದು ರೈತ ಹೇಳಬಹುದಾದ ಸಾಲು ಇರಲಿಲ್ಲ. ಧಾರವಾಡದಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ, ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರವೂ ಇದೆ. ಮೂರು ಜಿಲ್ಲೆಯ ಮಣ್ಣಿಗೆ ಯಾವ ಹುಲ್ಲು, ಯಾವ ತಿಂಗಳು ಎಂದು ಕೇಳಲು ದೂರ ಹೋಗಬೇಕಿಲ್ಲ. ನಾಟಿಯಾದ ನಲವತ್ತನೆಯ ದಿನ ಎದ್ದ ಬುಡಗಳನ್ನು ಎಣಿಸಿ, ನಷ್ಟವನ್ನು ಎರಡೂ ಕಡೆಯವರು ಹಂಚಿಕೊಳ್ಳಬೇಕೆಂಬ ಒಂದು ಷರತ್ತು ಬಂದರೆ ಲಾರಿಯೇ ಹದಕ್ಕೆ ಕಾಯುವುದನ್ನು ಕಲಿಯುತ್ತದೆ ಎಂಬುದು ನನ್ನ ಅನಿಸಿಕೆ.

ಮಾಘದಲ್ಲಿ ಮತ್ತೆ ಆ ಕಡೆ ಹೋಗಿದ್ದೆ. ಹುಲ್ಲಿನ ಪಕ್ಕದ ಒಂದೂವರೆ ಎಕರೆಯನ್ನು ಕಾಕಾ ಪಲ್ಟಿ ಹೊಡೆಸಿ ಬಿಟ್ಟಿದ್ದರು. ಎಮ್ಮೆಯ ತಲೆಯಷ್ಟು ದೊಡ್ಡ ಹೆಂಟೆಗಳು, ಅವುಗಳ ಮೇಲೆ ಬಿಳಿಯ ನೂಲಿನಂತೆ ಒಣಗಿ ನೇತಾಡುವ ಕರಕಿಯ ಬೇರು. ಇಷ್ಟು ದೊಡ್ಡ ಹೆಂಟೆ ಯಾರು ಒಡೆಯಬೇಕು ಎಂದು ಕೇಳಿದೆ. "ಮಳೆ ಒಡೆಯುತ್ತದೆ" ಎಂದರು. ಅಷ್ಟರಲ್ಲಿ ಅವರ ಫೋನ್ ಸದ್ದು ಮಾಡಿತು. ರೋಟಾವೇಟರ್ ಹುಡುಗನ ಹೆಸರು. ನೋಡಿ, ಹಾಗೇ ಜೇಬಿಗಿಟ್ಟುಕೊಂಡರು.